ತೆಹರಾನಿನ ಗಲಾಟೆ, ಕುದುರೆಮುಖದ ಅದಿರು

‘ಎಸ್ಕೇಪ್ ಫ್ರಂ ಇರಾನ್’ 1981ರ ಟಿವಿ ಚಿತ್ರ. ಕಥೆ ನಿಜವಾಗಿ ನಡೆದದ್ದು: 1979ರ ನವೆಂಬರ್ 4ರಂದು ತೆಹರಾನಿನ ಅಮೆರಿಕನ್ ರಾಯಭಾರ ಕಚೇರಿಗೆ ವಿದ್ಯಾರ್ಥಿಗಳು ನುಗ್ಗಿದರು. ಒಳಗೆ ಸಿಕ್ಕವರು ಒತ್ತೆಯಾಳುಗಳಾದರು. ಕೈತಪ್ಪಿಸಿಕೊಂಡ ಆರು ಮಂದಿ ಕೆನಡಾದ ರಾಯಭಾರಿ ಕೆನ್ ಟೇಲರ್ ಮತ್ತು ಅವರ ಸಹೋದ್ಯೋಗಿ ಜಾನ್ ಶಿಯರ್‌ಡೌನ್ ಮನೆಗಳಲ್ಲಿ ಅಡಗಿದ್ದು, ಜನವರಿಯ ಕೊನೆಗೆ ಕೆನಡಾದ ಪಾಸ್‌ಪೋರ್ಟ್ ತೋರಿಸಿ ವಿಮಾನ ಹತ್ತಿದರು. ಸಿಐಎ ಕೈವಾಡ 1997ರವರೆಗೂ ಗುಟ್ಟಾಗಿತ್ತು. ಹಾಗಾಗಿ ಆಗ ಶಹಬ್ಬಾಸ್‌ಗಿರಿಯೆಲ್ಲ ಕೆನಡಾಕ್ಕೇ ಸಂದಿತು.

ಚಿತ್ರವೇನೋ ಚೆನ್ನಾಗಿದೆ. ಆದರೆ ಬಳ್ಳಾರಿಯ ಗಾಂಧಿನಗರದಲ್ಲಿ ಕೂತು, ಬದುಕೆಲ್ಲ ಅದಿರಿನ ಸ್ಯಾಂಪಲ್ ಕುಟ್ಟಿದ ನನ್ನಂಥವನಿಗೆ ಇರಾನ್ ಅಂದರೆ ಮೊದಲು ಹೊಳೆಯುವುದು ಕುದುರೆಮುಖ.

ನಮ್ಮ ಸಂಡೂರಿನ ಕಬ್ಬಿಣದ ಅದಿರು ಹೆಮಟೈಟ್. ಬೆರಳಿಗೆ ಹತ್ತಿದ ಕೆಂಪು ಸೋಪಿಗೂ ಜಗ್ಗದು. ಅಗೆದು, ಒಡೆದು, ಜರಡಿ ಹಿಡಿದು ರೇಕಿಗೆ ತುಂಬಿದರೆ ಆಯಿತು, ಸೀದಾ ಬಂದರಿಗೆ. ಕುದುರೆಮುಖದ್ದು ಮ್ಯಾಗ್ನಟೈಟ್. ಕಾಗದದ ಮೇಲೆ ಪುಡಿ ಹರಡಿ ಆಯಸ್ಕಾಂತ ಹಿಡಿದರೆ ಮೀಸೆಯ ಹಾಗೆ ನಿಮಿರಿ ನಿಲ್ಲುತ್ತದೆ. ನೋಡಲು ಚಂದ, ಕಬ್ಬಿಣ ಮಾತ್ರ ಶೇ 38ರ ಆಸುಪಾಸು. ಅದನ್ನು ನುಣ್ಣಗೆ ಅರೆದು, ಬೇರ್ಪಡಿಸಿ ಶೇ 67ಕ್ಕೆ ಏರಿಸಬೇಕು. ಆಮೇಲೆ ನೀರಿನಲ್ಲಿ ಕಲಸಿ, 67 ಕಿ.ಮೀ. ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿಗೆ ಮುಟ್ಟಿಸಬೇಕು. ಅಷ್ಟು ದುಡ್ಡು ಹಾಕುವವರು ಯಾರು?

ಇರಾನಿನ ಷಾ ಮುಂದೆ ಬಂದ. ತೈಲದ ಹಣ ಕೈತುಂಬ ಇತ್ತು, ಉಕ್ಕಿನ ಕಾರ್ಖಾನೆಗಳ ಕನಸಿತ್ತು. 1975ರ ನವೆಂಬರಿನಲ್ಲಿ ಒಪ್ಪಂದವಾಯಿತು: 63 ಕೋಟಿ ಡಾಲರ್ ಸಾಲ, ಪ್ರತಿಯಾಗಿ ವರ್ಷಕ್ಕೆ 75 ಲಕ್ಷ ಟನ್ ಸಂಸ್ಕರಿಸಿದ ಅದಿರು. 1976ರ ಏಪ್ರಿಲ್‌ನಲ್ಲಿ ಅದಕ್ಕೆಂದೇ ಕಂಪನಿ ಹುಟ್ಟಿತು. ಮಳೆಕಾಡಿನ ನಡುವೆ ಊರು, ಲಕ್ಯಾ ಅಣೆಕಟ್ಟು, ಯಂತ್ರಗಳು ಎಲ್ಲ ಎದ್ದವು.

1979ರ ಜನವರಿಯಲ್ಲಿ ಷಾ ದೇಶ ಬಿಟ್ಟ. ಸಾಲ ಸುಮಾರು 25.5 ಕೋಟಿ ಡಾಲರಿಗೇ ನಿಂತಿತು. ಉಳಿದದ್ದನ್ನು ಭಾರತ ಸರ್ಕಾರವೇ ಹಾಕಿ 1980ರಲ್ಲಿ ಕೆಲಸ ಮುಗಿಸಿತು. ಅದಿರು ತಯಾರು, ಕೊಳ್ಳುವವರಿಲ್ಲ! ಅಮೆರಿಕನ್ ರಾಯಭಾರ ಕಚೇರಿಯ 52 ಮಂದಿ ಆಗಿನ್ನೂ ಸೆರೆಯಲ್ಲಿದ್ದರು. 444 ದಿನಗಳ ಮೇಲೆ ಅವರಿಗೆ ಬಿಡುಗಡೆಯಾಯಿತು. ಕುದುರೆಮುಖಕ್ಕೆ ಗಿರಾಕಿ ಹುಡುಕಿ ಕಾಲೂರಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಇದರ ಮೇಲೆ ಯಾರೂ ಸಿನಿಮಾ ತೆಗೆಯಲಿಲ್ಲ ಬಿಡಿ.

ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿ ಗಣಿಗಾರಿಕೆ ನಿಂತಿತು. ಅದಿರಿಲ್ಲದ ಕಂಪನಿ ಈಗ ನಮ್ಮ ಸಂಡೂರಿನ ದೇವದಾರಿ ಬೆಟ್ಟದ ಮೇಲೆ ಕಣ್ಣಿಟ್ಟಿದೆ. ಅದಕ್ಕಾಗಿ ಸುಮಾರು 99 ಸಾವಿರ ಮರ ಹೋಗಬೇಕು. ಷಾನ ಸಾಲದಿಂದ ಶುರುವಾದ ಲೆಕ್ಕವನ್ನು ಸಂಡೂರಿನ ಕಾಡು ಕಡಿದು ಚುಕ್ತಾ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ.