ಚಾಸರ್, ಥಾಮಸ್ (ಸು. 1367–1434)

ಇಂಗ್ಲೆಂಡಿನ ಜಮೀನ್ದಾರ, ಆಸ್ಥಾನಿಕ. ಕವಿ ಜೆಫ್ರಿ ಚಾಸರನ ಮಗನಾದರೂ ಅಧಿಕಾರ, ಸಂಪತ್ತುಗಳಲ್ಲಿ ತಂದೆಯನ್ನು ಬಹುವಾಗಿ ಮೀರಿಸಿದವನು. ಇದಕ್ಕೆ ತಾಯಿಯ ಕಡೆಯ ನಂಟಸ್ತಿಕೆ ಕಡಿಮೆ ನೆರವಾಗಲಿಲ್ಲ: ತಾಯಿ ಫಿಲಿಪಾಳ ಸೋದರಿ ಕ್ಯಾಥರೀನ್ ಸ್ವಿನ್‌ಫರ್ಡ್, ಲ್ಯಾಂಕಾಸ್ಟರಿನ ಡ್ಯೂಕ್ ಜಾನ್ ಆಫ್ ಗಾಂಟನ ಬಹುಕಾಲದ ಪ್ರೇಯಸಿಯಾಗಿದ್ದು, 1396ರಲ್ಲಿ ಅವನ ಮೂರನೆಯ ಹೆಂಡತಿಯಾದಳು. ಡ್ಯೂಕನ ಮಗ 4ನೆಯ ಹೆನ್ರಿ ದೊರೆಯಾದ ಮೇಲೆ ಥಾಮಸ್ 1402ರಲ್ಲಿ ಅರಮನೆಯ ದ್ರಾಕ್ಷಾರಸ ಪೂರೈಕೆಯ ಮುಖ್ಯಾಧಿಕಾರಿಯಾದ. 1407–1421ರ ನಡುವೆ ಐದು ಬಾರಿ ಕಾಮನ್ಸ್ ಸಭೆಯ ಸ್ಪೀಕರ್. ಆಕ್ಸ್‌ಫರ್ಡ್‌ಷೈರಿನ ಯೂಎಲ್ಮ್ ಜಹಗೀರು ಬಂದದ್ದು ಹೆಂಡತಿ ಮಾಡ್ ಬರ್ಗರ್ಷ್‌ಳಿಂದ. ದಂಪತಿಗಳ ಸಮಾಧಿಯೂ ಅಲ್ಲಿನ ಚರ್ಚಿನಲ್ಲಿದೆ. ಮಗಳು ಆಲಿಸ್ ಎರಡು ಬಾರಿ ವಿಧವೆಯಾಗಿ, ಮೂರನೆಯ ಮದುವೆಯಿಂದ ಸಫಕ್‌ನ ಡಚೆಸ್ ಆದಳು. ಅವಳ ಮೊಮ್ಮಗ, ಲಿಂಕನ್ನಿನ ಅರ್ಲ್ ಜಾನ್, 3ನೆಯ ರಿಚರ್ಡನ ಉತ್ತರಾಧಿಕಾರಿಯೆಂದು ಎಣಿಸಲ್ಪಟ್ಟಿದ್ದ. 1487ರ ಸ್ಟೋಕ್ ಕದನದಲ್ಲಿ ಮಡಿದ.