ರುಮಾಲಿನಲ್ಲಿ ಕಟ್ಟಿಟ್ಟ ಹಕ್ಕು

ಪುಣೆಯ ಕೌನ್ಸಿಲ್ ಹಾಲಿನ ಎದುರಿಗಿರುವ ಹಳೆಯ ಕಟ್ಟಡವನ್ನು ನಮ್ಮಲ್ಲಿ ಅನೇಕರು ಬಸ್ಸಿನ ಕಿಟಕಿಯಿಂದ ನೋಡಿರುತ್ತಾರೆ. ಒಳಗೆ ಹೋದವರು ವಿರಳ. ಅದೇ ಪೇಶ್ವೆ ದಫ್ತರ. 1891 ರಲ್ಲಿ ಕಟ್ಟಿದ ಈ ಕಚೇರಿಗೆ ಬ್ರಿಟಿಷರ ಕಾಲದಲ್ಲಿ ಏಲಿಯನೇಷನ್ ಆಫೀಸ್ ಎಂದು ಹೆಸರಿತ್ತು. ಒಳಗೆ ಬಟ್ಟೆಯಲ್ಲಿ ಸುತ್ತಿ ಗಂಟು ಹಾಕಿದ ಕಾಗದದ ಕಟ್ಟುಗಳು ಸಾವಿರಾರು. ಇವಕ್ಕೆ ರುಮಾಲು ಎನ್ನುತ್ತಾರೆ. ಒಳಗಿನ ಬರಹ ಬಹುಪಾಲು ಮೋಡಿ ಲಿಪಿಯದು. ಗೋ. ಸ. ಸರದೇಸಾಯಿಯವರು ಇವುಗಳಿಂದ ಆಯ್ದು 1930 ರ ದಶಕದಲ್ಲಿ 45 ಸಂಪುಟಗಳನ್ನು ಹೊರತಂದುದು ಇತಿಹಾಸಾಸಕ್ತರಿಗೆ ಗೊತ್ತು. ನಾವು ಓದಿದ್ದು ಬಿ.ಎಸ್ಸಿ., ಮಾಡುವುದು ಗುಮಾಸ್ತಿಕೆ. ಆದ್ದರಿಂದ ಯುದ್ಧ, ಸಂಧಿಗಳಿಗಿಂತ ಈ ಕಟ್ಟುಗಳು ಯಾರ ಮನೆಯ ಒಲೆ ಉರಿಸಿದವು, ಯಾರ ಮನೆಯ ಒಲೆ ಆರಿಸಿದವು ಎಂಬ ಪ್ರಶ್ನೆಯೇ ನಮಗೆ ಹೆಚ್ಚು ಹತ್ತಿರದ್ದು.

ಪೇಶ್ವೆಯವರ ಆಳಿಕೆ 1818 ರಲ್ಲಿ ಮುಗಿದಾಗ ಧಾರವಾಡ, ಬೆಳಗಾವಿ ಸೀಮೆಗಳು ಕಂಪನಿ ಸರ್ಕಾರದ ಕೈಗೆ ಬಂದವು. ಅಲ್ಲಿ ಇನಾಮು ಭೂಮಿ, ವರ್ಷಾಸನ, ಗುಡಿಯ ದೀಪದೆಣ್ಣೆಗೆ ಬಿಟ್ಟ ಉತ್ಪನ್ನ ಎಂದು ನಾನಾ ಬಗೆಯ ದತ್ತಿಗಳಿದ್ದವು. ಇವುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ಸರ್ಕಾರಕ್ಕೆ ಸಂಶಯ ಬಂತು. ಸುಳ್ಳು ಸನದುಗಳೂ ಇದ್ದವೆನ್ನುವುದನ್ನು ನಾವು ಅಲ್ಲಗಳೆಯುವುದಿಲ್ಲ. 1843 ರಲ್ಲಿ ವಿಚಾರಣೆ ಮೊದಲಾದದ್ದೇ ನಮ್ಮ ಕಡೆಯಿಂದ, ಆಗ ದಕ್ಷಿಣ ಮರಾಠಾ ಪ್ರಾಂತವೆಂದು ಕರೆಯುತ್ತಿದ್ದ ಕನ್ನಡ ನಾಡಿನಿಂದ. 1852 ರ 11 ನೆಯ ಕಾಯಿದೆಯಿಂದ ಅದು ಇನಾಮ್ ಕಮಿಷನ್ ಆಯಿತು.

ಕಮಿಷನ್ ಕೇಳುತ್ತಿದ್ದದ್ದು ಕಾಗದ. ಬ್ರಿಟಿಷರು ಬರುವುದಕ್ಕೆ ಮುಂಚೆ 60 ವರ್ಷ ಅನುಭವಿಸಿದ್ದರೆ ಒಂದು ತೀರ್ಪು, 40 ವರ್ಷವಾದರೆ ಇನ್ನೊಂದು; ಅದರ ಮೇಲೆ ವಂಶಾವಳಿ. ಮೂರು ತಲೆಮಾರು ಹಿಂದಿನ ಸನದನ್ನು ಗೆದ್ದಲಿನಿಂದ, ಮಳೆಯಿಂದ, ಅಣ್ಣತಮ್ಮಂದಿರ ಜಗಳದಿಂದ ಕಾಪಾಡಿಕೊಂಡ ಮನೆ ಎಷ್ಟಿದ್ದೀತು? ಮನೆಯಲ್ಲಿ ಇಲ್ಲದ ಕಾಗದಕ್ಕೆ ಸಾಕ್ಷಿ ಪುಣೆಯ ರುಮಾಲಿನಲ್ಲಿ ಇರಬಹುದಿತ್ತು. ಆದರೆ ಆ ಗಂಟು ಬಿಚ್ಚುವ ಕೈ ಸರ್ಕಾರದ್ದು, ಓದುವ ಕಣ್ಣು ಸರ್ಕಾರದ್ದು, ತೀರ್ಪು ಬರೆಯುವ ಲೇಖಣಿಯೂ ಸರ್ಕಾರದ್ದೇ. ಅಪೀಲಿಗೆ ದಾರಿ ಇರಲಿಲ್ಲವೆಂದಲ್ಲ. ಸಹಾಯಕ ಕಮಿಷನರರ ಮೇಲೆ ಕಮಿಷನರರಿಗೆ, ಅವರ ಮೇಲೆ ಮುಂಬಯಿ ಸರ್ಕಾರಕ್ಕೆ. ಯಾರ ಮೇಲೆ ದೂರೋ ಅವರಲ್ಲಿಗೇ ದೂರು! ಕಮಿಷನ್ ಕೆಲಸ ಮಾಡಿದ ಮೊದಲ ಐದು ವರ್ಷಗಳಲ್ಲಿ ಪರೀಕ್ಷೆಗೆ ಬಂದ 35,000 ಹಿಡುವಳಿಗಳಲ್ಲಿ ಐದರಲ್ಲಿ ಮೂರು ಪಾಲು ಜಪ್ತಿಯಾದವೆಂದು ಬರೆದಿರುವವನು ಕೇ ಎಂಬ ಇಂಗ್ಲಿಷ್ ಇತಿಹಾಸಕಾರನೇ.

ನರಗುಂದದ ಬಾಬಾಸಾಹೇಬನ ಕಥೆ ಕನ್ನಡಿಗರಿಗೆ ಹೊಸದಲ್ಲ. ದತ್ತಕಕ್ಕೆ ಅನುಮತಿ ಸಿಗದೆ ರೊಚ್ಚಿಗೆದ್ದ ಆತನ ಕಡೆಯವರು 1858 ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಮ್ಯಾನ್ಸನ್ ಸಾಹೇಬನ ತಲೆ ಕಡಿದರು. ಜೂನ್ ತಿಂಗಳಲ್ಲಿ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು. ಆ ಮ್ಯಾನ್ಸನ್ ಮೊದಲು ಇನಾಮ್ ಕಮಿಷನ್ನಿನ ಅಧಿಕಾರಿಯಾಗಿದ್ದವನೆಂಬುದನ್ನು ಮಾತ್ರ ನಮ್ಮ ಶಾಲೆಯ ಪುಸ್ತಕಗಳು ಹೇಳಲಿಲ್ಲ. ಅಪೀಲಿನ ಬಾಗಿಲು ಮುಚ್ಚಿದಾಗ ಜಹಗೀರುದಾರನಿಗೆ ಕತ್ತಿಯಾದರೂ ಇತ್ತು. ವರ್ಷಕ್ಕೆ ಹತ್ತಿಪ್ಪತ್ತು ರೂಪಾಯಿ ಎಣ್ಣೆಬತ್ತಿಯ ಹಣ ಕಳೆದುಕೊಂಡ ಪೂಜಾರಿಗೆ ಅದೂ ಇರಲಿಲ್ಲ.

1863 ರಲ್ಲಿ ಸರ್ಕಾರ ಶಾಸನ ಮಾಡಿ, ಗೊತ್ತಾದ ಜೂಡಿ ಕಟ್ಟಿದರೆ ಮುಂದೆ ಕೆದಕುವುದಿಲ್ಲವೆಂದು ರಾಜಿಗೆ ಬಂತು. ಆದರೆ 1871 ರಲ್ಲಿ ಪೆನ್ಷನ್ಸ್ ಆಕ್ಟ್ ಹೊರಟಿತು. ಅದರ 4 ನೆಯ ಕಲಮಿನಂತೆ ಸರ್ಕಾರ ಕೊಡುವ ಪಿಂಚಣಿ, ದತ್ತಿಗಳ ಬಗ್ಗೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡುವಂತಿಲ್ಲ, ಕೇಳಬೇಕಾದದ್ದು ಕಲೆಕ್ಟರನನ್ನು. ಕಲೆಕ್ಟರ್ ಸರ್ಟಿಫಿಕೇಟು ಕೊಟ್ಟರೆ ಕೋರ್ಟು ವಿಚಾರಿಸಬಹುದು, ಆಗಲೂ ಸರ್ಕಾರದ ಮೇಲೆ ಹೊಣೆ ಬೀಳುವ ತೀರ್ಪು ಕೊಡಬಾರದು. ವಕೀಲನನ್ನು ಇಟ್ಟುಕೊಳ್ಳಲು ದುಡ್ಡಿದ್ದರೂ ನಿಲ್ಲಿಸುವುದೆಲ್ಲಿ? ಪಿಂಚಣಿ ಎಂದರೆ ದೊರೆಯ ದಯೆ ಎಂಬ ಭಾವನೆ ನಮ್ಮ ಕಚೇರಿಗಳಲ್ಲಿ ಬೇರೂರಿದ್ದು ಹೀಗೆ. (ಅದೇ ಕಾಯಿದೆಯ 11 ನೆಯ ಕಲಮು ಸಾಲಗಾರನು ಪಿಂಚಣಿಯನ್ನು ಜಪ್ತಿ ಮಾಡಿಸದಂತೆ ಕಾಪಾಡುತ್ತದೆ, ಅದನ್ನೂ ಹೇಳಬೇಕು.)

ಈ ಬೇರು ಅಲುಗಾಡಿದ್ದು ನೂರು ವರ್ಷಗಳ ನಂತರ. ಪಿಂಚಣಿ ದಯೆಯಲ್ಲ, ನೌಕರನ ಸ್ವತ್ತು, ಹಳೆಯ ಕಾಯಿದೆ ಸಿವಿಲ್ ಕೋರ್ಟಿಗೆ ಹಾಕಿದ ತಡೆ ಈ ಹಕ್ಕನ್ನು ಅಳಿಸಲಾರದು ಎಂದು ಸುಪ್ರೀಂ ಕೋರ್ಟು 1971 ರಲ್ಲಿ ದೇವಕಿನಂದನ ಪ್ರಸಾದರ ಪ್ರಕರಣದಲ್ಲಿ ಹೇಳಿತು. 1982 ರ ಡಿಸೆಂಬರ್ 17 ರಂದು ನಕಾರಾ ಪ್ರಕರಣದ ತೀರ್ಪು ಬಂತು. 31-3-1979 ಕ್ಕೆ ಮೊದಲು ನಿವೃತ್ತರಾದವರಿಗೆ ಒಂದು ಲೆಕ್ಕ, ನಂತರದವರಿಗೆ ಇನ್ನೊಂದು ಲೆಕ್ಕ ಸಲ್ಲದೆಂದು ಐವರು ನ್ಯಾಯಮೂರ್ತಿಗಳು ತೀರ್ಮಾನಿಸಿದರು. ಪೀಠದ ಮುಖ್ಯಸ್ಥರು ಯಶವಂತರಾವ್ ಚಂದ್ರಚೂಡರು, ಈ ಪುಣೆಯಲ್ಲಿಯೇ ಹುಟ್ಟಿದವರು. ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುತ್ತಾರೆ.

ಇಷ್ಟೆಲ್ಲ ನೆನಪಾಗಲು ಕಾರಣ ನಮ್ಮ ಸಂಘದ ಸದಸ್ಯರೊಬ್ಬರ ತಾಯಿ. ಮೂಲ ಧಾರವಾಡ ಜಿಲ್ಲೆ, ಪುಣೆಗೆ ಬಂದು ನಲವತ್ತು ವರ್ಷ. ಯಜಮಾನರು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿದ್ದು ನಿವೃತ್ತರಾಗಿ ತೀರಿಕೊಂಡರು. ಕುಟುಂಬ ಪಿಂಚಣಿಗೆ ಹಾಕಿದ ಅರ್ಜಿಗೆ ಒಂದೇ ಸಾಲಿನ ಉತ್ತರ ಬಂತು: ಹೆಸರು ತಾಳೆಯಾಗುವುದಿಲ್ಲ. ಮನೆಯ ಕಾಗದಗಳಲ್ಲಿ ಆಕೆಯ ಹೆಸರಿನ ತುದಿಗೆ 'ಅವ್ವ' ಇದೆ, ಸರ್ವಿಸ್ ಬುಕ್ಕಿನಲ್ಲಿ 'ಬಾಯಿ'. ಇದು ಯಾರ ಮೋಸವೂ ಅಲ್ಲ. ಈ ಊರಿನ ಗುಮಾಸ್ತನ ಕಿವಿಗೆ ನಮ್ಮ ಅವ್ವಂದಿರೆಲ್ಲ ಬಾಯಿಗಳೇ. ನಿಜ ಹೇಳಬೇಕೆಂದರೆ ನಾವೂ ನಮ್ಮ ಮೇಜಿನ ಮೇಲೆ ಹಾಗೆಯೇ ಬರೆದವರು.

ವಕೀಲರನ್ನು ಕೇಳಿದಾಗ ಅವರು ಹೇಳಿದ ಫೀಜು ಆಕೆಯ ಶಕ್ತಿಗೆ ಮೀರಿದ್ದು. ಹಾಗಾಗಿ ನಾವೇ ಕೂತು ಬರೆದೆವು. ಮೊದಲು 2005 ರ ಮಾಹಿತಿ ಹಕ್ಕಿನ ಕಾಯಿದೆಯಡಿ ಹತ್ತು ರೂಪಾಯಿ ಕಟ್ಟಿ, ಸರ್ವಿಸ್ ಬುಕ್ಕಿನ ನಕಲನ್ನೂ ನಿರಾಕರಣೆಯ ಟಿಪ್ಪಣಿಯನ್ನೂ ಕೇಳಿದೆವು. ಮೂವತ್ತು ದಿನದ ಗಡುವಿನ ಕೊನೆಯ ದಿನ ನಕಲುಗಳು ಬಂದವು. ಅವುಗಳ ನಡುವೆ ಯಜಮಾನರು ಕೈಯಾರೆ ತುಂಬಿದ ಕುಟುಂಬದ ಹಳೆಯ ಪಟ್ಟಿ, ಅದರಲ್ಲಿ ಎರಡೂ ಹೆಸರು ಒಂದರ ಪಕ್ಕ ಒಂದು! ಬೇಕಾದ ಸಾಕ್ಷಿ ಅವರದೇ ಕಡತದಲ್ಲಿ ಮಲಗಿತ್ತು. ಆ ಪುಟ, ಎರಡೂ ಹೆಸರು ಒಬ್ಬಳದೇ ಎಂಬ ಅಫಿಡವಿಟ್ಟು, ಜೋಡಿ ಫೋಟೋ ಲಗತ್ತಿಸಿ, ಮೇಲಧಿಕಾರಿಗೆ ಒಂದೂವರೆ ಪುಟದ ಮನವಿ. ಅದನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿ ರಸೀದಿಯನ್ನು ಡಬ್ಬಿಯಲ್ಲಿಟ್ಟೆವು.

ರಸೀದಿಯ ಮಾತು ಏಕೆಂದರೆ ತಾರೀಖಿನಲ್ಲೇ ಅನೇಕರು ಸೋಲುತ್ತಾರೆ. 1985 ರ ಕಾಯಿದೆಯಂತೆ ಕೇಂದ್ರ ಆಡಳಿತ ನ್ಯಾಯಮಂಡಳಿಗೆ ಹೋಗುವ ಮೊದಲು ಇಲಾಖೆಯಲ್ಲಿ ಮನವಿ ಕೊಟ್ಟಿರಬೇಕು. ಆರು ತಿಂಗಳು ಉತ್ತರ ಬರದಿದ್ದರೆ ಅಲ್ಲಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಅರ್ಜಿಯ ಶುಲ್ಕ 50 ರೂಪಾಯಿ ಎಂದು ನಿಯಮ. ಅಲ್ಲಿ ಅರ್ಜಿದಾರರು ತಾವೇ ನಿಂತು ಮಾತಾಡಬಹುದೆಂದು 23 ನೆಯ ಕಲಮು ಸ್ಪಷ್ಟವಾಗಿ ಹೇಳುತ್ತದೆ.

ಅಷ್ಟು ದೂರ ಹೋಗಬೇಕಾಗಲಿಲ್ಲ. ಐದನೆಯ ತಿಂಗಳಲ್ಲಿ ಪಿಂಚಣಿ ಮಂಜೂರಾಯಿತು, ಆದರೆ ಅರ್ಜಿ ಹಾಕಿದ ದಿನದಿಂದ. ಯಜಮಾನರು ತೀರಿಕೊಂಡ ಮರುದಿನದಿಂದಲ್ಲ. ಹನ್ನೊಂದು ತಿಂಗಳ ಬಾಕಿ ಉಳಿಯಿತು. ಅದಕ್ಕೆ ಇನ್ನೊಂದು ಮನವಿ ಬರೆದು ಕಳೆದ ಭಾನುವಾರ ಓದಿ ಹೇಳಿದೆವು. ಆಕೆ ಪೆನ್ನು ಹಿಡಿದು ಒಂದು ಕ್ಷಣ ತಡೆದು, "ಈ ಸಲ ಅವ್ವ ಅಂತ ಸಹಿ ಮಾಡ್ಲೋ, ಬಾಯಿ ಅಂತ ಮಾಡ್ಲೋ ತಮ್ಮಾ?" ಎಂದು ಕೇಳಿದರು.