ಶಸ್ತ್ರಚಿಕಿತ್ಸೆಗೆ ಮುಂಚಿನ ನಿದ್ದೆಗೇಡು ಮತ್ತು ಅರಿವಳಿಕೆಯಿಂದ ಚೇತರಿಕೆ

ಆಪರೇಷನ್ ಮೇಜಿನ ಮೇಲೆ ಮಲಗಿದವರಿಗೆ ‘ಈಗ ನಿದ್ದೆ ಬರುತ್ತದೆ’ ಎಂದು ಹೇಳುವುದು ವಾಡಿಕೆ. ಧೈರ್ಯ ತುಂಬಲು ಆ ಮಾತು ಸಾಕು, ಆದರೆ ನಿಜಕ್ಕೆ ಹತ್ತಿರವಾದದ್ದು ‘ಅರಿವಳಿಕೆ’ ಎಂಬ ಕನ್ನಡ ಪದವೇ. ಅಲ್ಲಿ ಆಗುವುದು ಅರಿವಿನ ಅಳಿವು. ಮಲಗಿ ನಿದ್ರಿಸುವವರನ್ನು ತಟ್ಟಿ ಎಬ್ಬಿಸಬಹುದು. ಪೂರ್ಣ ಅರಿವಳಿಕೆಯಲ್ಲಿರುವವರು ಹೊಟ್ಟೆ ಕೊಯ್ದರೂ ಏಳುವುದಿಲ್ಲ. ಸಹಜ ನಿದ್ರೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ಗಾಢ ನಿದ್ರೆಗೆ ಇಳಿದು ಕನಸಿನ ನಿದ್ರೆಗೆ ಏರುತ್ತದೆ. ಅರಿವಳಿಕೆಯಲ್ಲಿ ಈ ಸುತ್ತುಗಳಿಲ್ಲ, ಮದ್ದು ಹರಿಯುವಷ್ಟು ಹೊತ್ತು ಮಿದುಳನ್ನು ಒಂದೇ ಮಟ್ಟದಲ್ಲಿ ಹಿಡಿದಿಡಲಾಗುತ್ತದೆ. ಹೀಗೆ ಇವು ಬೇರೆಬೇರೆಯಾದರೂ ಪೂರ್ತಿ ಸಂಬಂಧವಿಲ್ಲದವೂ ಅಲ್ಲ. ಪ್ರೊಪೊಫಾಲ್‌ನಂಥ ಮದ್ದುಗಳು ಗಾಬಾ ಎಂಬ ನರರಾಸಾಯನಿಕದ ಪ್ರಭಾವವನ್ನು ಹೆಚ್ಚಿಸುತ್ತವೆ. ನಮ್ಮನ್ನು ರಾತ್ರಿ ನಿದ್ದೆಗೆ ಜಾರಿಸುವ ಹೈಪೊಥಲಾಮಸ್‌ನ ನರಕೋಶಗಳು ಎಚ್ಚರದ ಕೇಂದ್ರಗಳನ್ನು ತಣಿಸುವುದೂ ಅದೇ ಗಾಬಾದ ಮೂಲಕ. ನಿದ್ದೆಗೆಟ್ಟು ಆಪರೇಷನ್ನಿಗೆ ಹೋದವರ ಚೇತರಿಕೆ ಬೇರೆಯಾಗಬಹುದು ಎಂಬ ಊಹೆಗೆ ಆಧಾರ ಇಲ್ಲಿದೆ.

ಮೊದಲ ಸಾಕ್ಷ್ಯ ಬಂದದ್ದು ಇಲಿಗಳಿಂದ. ಆವ್ರಿ ಟುಂಗ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 24 ಗಂಟೆ ನಿದ್ದೆಯಿಲ್ಲದ ಇಲಿಗಳು ಪ್ರೊಪೊಫಾಲ್ ಮತ್ತು ಐಸೊಫ್ಲುರೇನ್ ಎಂಬ ಅರಿವಳಿಕೆ ಮದ್ದುಗಳೆರಡಕ್ಕೂ ಬೇಗ ಶರಣಾದವು, ತಡವಾಗಿ ಎಚ್ಚೆತ್ತವು. ಎಚ್ಚರವಿದ್ದಷ್ಟೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ವಸ್ತು ಕೂಡಿಬಂದು ತೂಕಡಿಕೆ ತರುತ್ತದೆ. ಕಾಫಿ ಎಚ್ಚರ ಉಳಿಸುವುದು ಇದರ ದಾರಿ ಕಟ್ಟಿ. ಬಾಕಿ ಉಳಿದ ನಿದ್ದೆಯ ಈ ಒತ್ತಡವೂ ಮದ್ದೂ ಒಂದೇ ಕಡೆಗೆ ಎಳೆದಾಗ ಮಂಪರು ಬಿಡುವುದು ನಿಧಾನವಾದರೆ ಆಶ್ಚರ್ಯವಿಲ್ಲ. ಆದರೂ ಇದನ್ನು ಮನುಷ್ಯರಿಗೆ ನೇರವಾಗಿ ಹೊಂದಿಸುವಂತಿಲ್ಲ. ಅರಿವಳಿಕೆ ತಜ್ಞರು ನಾಡಿ, ರಕ್ತದೊತ್ತಡ, ಉಸಿರು, ಕೆಲವೊಮ್ಮೆ ಮಿದುಳಿನ ಅಲೆಗಳನ್ನೂ ನೋಡಿಕೊಂಡು ಮದ್ದನ್ನು ಆಗಾಗ ಏರಿಸಿ ಇಳಿಸುತ್ತಾರೆ. ಇಲಿಯಲ್ಲಿ ಕಂಡ ತಡ ಅವರ ಕೈಯಲ್ಲಿ ಬಹುಮಟ್ಟಿಗೆ ಸರಿಹೋಗಬಲ್ಲದು. ಹಾಗಾಗಿ ‘ನಿದ್ದೆಗೆಟ್ಟರೆ ಎಚ್ಚರವೇ ಆಗದೆ ಉಳಿದರೆ?’ ಎಂಬ ಭಯಕ್ಕೆ ಕಾರಣ ಕಡಿಮೆ. ನಿದ್ದೆಗೇಡಿನ ನಿಜವಾದ ಬೆಲೆಯನ್ನು ಕಣ್ಣು ತೆರೆದ ನಂತರದ ದಿನಗಳಲ್ಲಿ, ನೋವಿನಲ್ಲಿ ಮತ್ತು ಬುದ್ಧಿಯ ಗೊಂದಲದಲ್ಲಿ ಹುಡುಕಬೇಕು.

ನೋವಿನ ವಿಷಯದಲ್ಲಿ ಸಾಕ್ಷ್ಯ ಗಟ್ಟಿಯಾಗಿದೆ. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದು ರಾತ್ರಿ ನಿದ್ದೆಬಿಟ್ಟ ಆರೋಗ್ಯವಂತರಿಗೆ ಕಡಿಮೆ ಬಿಸಿಯೂ ನೋವೆನಿಸಿತು. ಅವರ ಮಿದುಳಿನಲ್ಲಿ ನೋವನ್ನು ಗ್ರಹಿಸುವ ಭಾಗ ಹೆಚ್ಚು ಕೆರಳಿತ್ತು, ಅದನ್ನು ತೂಗಿನೋಡಿ ತಗ್ಗಿಸುವ ಭಾಗಗಳು ಮಂಕಾಗಿದ್ದವು. ಸ್ತನದ ಶಸ್ತ್ರಚಿಕಿತ್ಸೆಗೊಳಗಾದ ಮಹಿಳೆಯರ 2009ರ ಒಂದು ಚಿಕ್ಕ ಅಧ್ಯಯನದಲ್ಲೂ, ಹಿಂದಿನ ರಾತ್ರಿ ನಿದ್ದೆ ಹಾಳಾದವರು ಮುಂದಿನ ವಾರ ಹೆಚ್ಚು ನೋವು ಹೇಳಿಕೊಂಡರು. ಇದಕ್ಕಿಂತ ಗಂಭೀರವಾದದ್ದು, ಮುಖ್ಯವಾಗಿ ವಯಸ್ಸಾದವರಲ್ಲಿ ಕಾಣುವ ಸನ್ನಿ: ಆಪರೇಷನ್ ಆದ ಒಂದೆರಡು ದಿನಗಳಲ್ಲಿ ಊರು, ಹೊತ್ತು, ಮನೆಯವರ ಗುರುತು ಕಲಸಿಹೋಗುವ ಸ್ಥಿತಿ. ಸುಮಾರು 1,200 ರೋಗಿಗಳನ್ನೊಳಗೊಂಡ 12 ಅಧ್ಯಯನಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯ ಪ್ರಕಾರ, ಮೊದಲೇ ನಿದ್ರಾತೊಂದರೆ ಇದ್ದವರಲ್ಲಿ ಸನ್ನಿಯ ಸಂಭವಾನುಪಾತ ಐದು ಪಟ್ಟಿಗೂ ಹೆಚ್ಚು.

ಇಲ್ಲಿ ಏಳುವ ಆಕ್ಷೇಪಣೆ ಸಣ್ಣದಲ್ಲ. ನೋವಿರುವವರು, ದಿಗಿಲುಗೊಂಡವರು, ಮರೆವಿನ ಕಾಯಿಲೆಯ ಆರಂಭದಲ್ಲಿರುವ ಹಿರಿಯರು ನಿದ್ದೆಗೆಡುತ್ತಾರೆ, ಚೇತರಿಕೆಯಲ್ಲೂ ಹಿಂದುಳಿಯುತ್ತಾರೆ. ಹಾಗಿದ್ದರೆ ನಿದ್ದೆಗೇಡು ಕಾರಣವೋ, ಒಳಗಿನ ರೋಗದ ಕುರುಹೋ? ನೋವಿನ ಮಟ್ಟಿಗೆ ಉತ್ತರ ಹೇಳಬಹುದು: ಬರ್ಕ್ಲಿಯ ಸ್ವಯಂಸೇವಕರಿಗೆ ಕಾಯಿಲೆ ಇರಲಿಲ್ಲ, ಕೆಡಿಸಿದ್ದು ನಿದ್ದೆಯೊಂದನ್ನೇ. ಸನ್ನಿಯ ಮಟ್ಟಿಗೆ ಆಕ್ಷೇಪಣೆ ಅರ್ಧ ಉಳಿಯುತ್ತದೆ. ಬೀಜಿಂಗ್‌ನಲ್ಲಿ 65 ದಾಟಿದ 700 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆಪರೇಷನ್ ನಂತರ ಕಡಿಮೆ ಪ್ರಮಾಣದ ಡೆಕ್ಸ್‌ಮೆಡೆಟೊಮಿಡಿನ್ ಕೊಟ್ಟಾಗ ಸನ್ನಿ ಶೇ. 23ರಿಂದ ಶೇ. 9ಕ್ಕೆ ಇಳಿಯಿತು. ಸಹಜ ನಿದ್ರೆಗೆ ಹತ್ತಿರದ ಮಂಪರು ತರುವ ಮದ್ದು ಇದು. ಆದರೆ ಅದಕ್ಕೆ ಬೇರೆ ಗುಣಗಳೂ ಇರುವುದರಿಂದ ಕೀರ್ತಿಯೆಲ್ಲ ನಿದ್ದೆಗೇ ಸಲ್ಲಬೇಕೆನ್ನಲಾಗದು. ಇನ್ನೊಂದು ವಾದವೂ ಇದೆ: ಗಂಟೆಗಟ್ಟಲೆ ಅರಿವಳಿಕೆಯಲ್ಲಿದ್ದರೆ ನಿದ್ದೆಯ ಸಾಲ ಅಲ್ಲೇ ತೀರುವುದಿಲ್ಲವೇ? ಟುಂಗ್ ತಂಡದ 2004ರ ಪ್ರಯೋಗದಲ್ಲಿ ಪ್ರೊಪೊಫಾಲ್ ಪಡೆದ ಇಲಿಗಳ ಸಾಲ ತೀರಿದ್ದು ನಿಜ. ಉಸಿರಿನ ಮೂಲಕ ಕೊಡುವ ಅರಿವಳಿಕೆಗಳಲ್ಲಿ ಮಾತ್ರ ಕನಸಿನ ನಿದ್ರೆಯ ಸಾಲ ಬೆಳೆದದ್ದು 2011ರಲ್ಲಿ ಕಂಡಿತು. ಅದರ ಮೇಲೆ ಗಾಯದ ಉರಿಯೂತ, ಮಾರ್ಫಿನ್ ಜಾತಿಯ ನೋವುನಿವಾರಕ, ವಾರ್ಡಿನ ಗದ್ದಲ. ದೊಡ್ಡ ಆಪರೇಷನ್ನಿನ ಮೊದಲ ರಾತ್ರಿ ಕನಸಿನ ನಿದ್ರೆ ಹೆಚ್ಚುಕಡಿಮೆ ಮಾಯವಾಗಿ, ಕೆಲವು ರಾತ್ರಿಗಳ ನಂತರ ಒಮ್ಮೆಲೇ ನುಗ್ಗಿಬರುತ್ತದೆ.

ಹಾಗಾದರೆ ಹಿಂದಿನ ರಾತ್ರಿ ಒಂದು ಗುಳಿಗೆ ನುಂಗಿಸಿದರೆ ಮುಗಿಯಿತೇ ಎಂದರೆ, ಗುಳಿಗೆ ತರುವ ಮಂಪರು ನಿದ್ದೆಯ ಬದಲಿಯಲ್ಲ. ಫ್ರಾನ್ಸಿನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ 2015ರ ಪ್ರಯೋಗದಲ್ಲಿ, ಆಪರೇಷನ್ನಿಗೆ ಮುಂಚೆ ಲೊರಾಜೆಪಾಮ್ ಎಂಬ ಮಂಪರಿನ ಗುಳಿಗೆ ಪಡೆದವರ ಅನುಭವವೇನೂ ಉತ್ತಮವಾಗಲಿಲ್ಲ. ಬದಲಿಗೆ ಉಸಿರುಕೊಳವೆ ತೆಗೆಯುವುದು ಕೆಲವು ನಿಮಿಷ ತಡವಾಯಿತು, ಬುದ್ಧಿ ತಿಳಿಯಾಗುವುದೂ ನಿಧಾನವಾಯಿತು. ಆತಂಕದಿಂದ ಕೆಟ್ಟ ಒಂದು ರಾತ್ರಿಗಿಂತ ತಿಂಗಳುಗಟ್ಟಲೆ ನಡೆದುಬಂದ ನಿದ್ರಾರೋಗವೇ ಹೆಚ್ಚು ಗಮನ ಬೇಡುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಅದರಲ್ಲಿ ಮುಖ್ಯವಾದದ್ದು. ಅದಿರುವವರ ಗಂಟಲದಾರಿ ಅರಿವಳಿಕೆಯ ಉಳಿದ ಪ್ರಭಾವಕ್ಕೂ ನೋವಿನ ಮದ್ದಿಗೂ ಬೇಗ ಕುಸಿಯುತ್ತದೆ. ಟೊರಾಂಟೊದ ಫ್ರಾನ್ಸಿಸ್ ಚುಂಗ್ ತಂಡ 2008ರಲ್ಲಿ ರೂಪಿಸಿದ ಸ್ಟಾಪ್-ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಪಟ್ಟಿ ಇದನ್ನು ಪತ್ತೆಹಚ್ಚಲೆಂದೇ ಬಂದದ್ದು. ಗೊರಕೆ, ಹಗಲಿನ ದಣಿವು, ಉಸಿರು ನಿಂತದ್ದನ್ನು ಯಾರಾದರೂ ನೋಡಿರುವುದು, ರಕ್ತದೊತ್ತಡ, ತೂಕ, ವಯಸ್ಸು, ಕುತ್ತಿಗೆಯ ಸುತ್ತಳತೆ, ಲಿಂಗ ಇವನ್ನು ಅದು ಕೇಳುತ್ತದೆ. ಗೊರಕೆಯ ಬಗ್ಗೆ ರೋಗಿಗಿಂತ ಪಕ್ಕದಲ್ಲಿ ಮಲಗುವವರಿಗೇ ಚೆನ್ನಾಗಿ ಗೊತ್ತಿರುವುದರಿಂದ, ತಪಾಸಣೆಯ ದಿನ ಅವರನ್ನೂ ಕೇಳುವುದು ಒಳ್ಳೆಯದು. ನಿದ್ದೆಯಲ್ಲಿ ಗಂಟಲದಾರಿಯನ್ನು ತೆರೆದಿಡುವ ಸಿಪ್ಯಾಪ್ ಯಂತ್ರವನ್ನು ಮನೆಯಲ್ಲಿ ಬಳಸುವವರು ಆಸ್ಪತ್ರೆಗೂ ಅದನ್ನು ತಂದರೆ ಆಪರೇಷನ್ ನಂತರದ ರಾತ್ರಿಗಳಲ್ಲಿ ಹಾಕಿಕೊಳ್ಳಬಹುದು.